ಕೇಳದೆ ಬಿಚ್ಚಿದ ಪೆಡಲ್

ಭಕ್ತಿ ಅಂಗಡಿಗೆ ಬಂದಾಗ ಸೋಮೇಶ ಅವಳ ಸೈಕಲ್ಲಿನ ಕ್ರ್ಯಾಂಕ್ ಕೈಯಲ್ಲಿ ಹಿಡಿದು ನಿಂತಿದ್ದ. ಪೆಡಲ್ ಕೂಡುವ ತುದಿ ಸೀಳಿ ಬಾಯಿ ಬಿಟ್ಟಿತ್ತು.

"ಮುರೀತ್ರಿ," ಅಂದ. ಅವಳ ಮುಖ ನೋಡಲಿಲ್ಲ.

"ಹೆಂಗ?"

"ಪೆಡಲ್ ಬಿಗಿ ಮಾಡಾಕತ್ತಿದ್ದೆ. ಒಳಗಿನ ಆಟೆ ಪೂರಾ ಸವದಿದ್ವು. ಪಾನಾ ತಿರುವಿದ ಕೂಡ್ಲೆ ಕಟ್ ಅಂತು."

ಆಟೆ ಅಂದರೆ ತೂತಿನೊಳಗಿನ ಸುರುಳಿ ಗೆರೆಗಳು, ಪಾನಾ ಅಂದರೆ ಸ್ಪ್ಯಾನರ್. ಇಷ್ಟು ದಿನ ಇದೇ ಅಂಗಡಿಯ ಸ್ಟೂಲಿನ ಮೇಲೆ ಕೂತು ಅವಳಿಗೆ ಅಷ್ಟು ತಿಳಿದಿತ್ತು.

ಅವಳು ಅದೇ ಸ್ಟೂಲಿನ ಮೇಲೆ ಕುಸಿದಳು. ದಿನವೆಲ್ಲ ಪತ್ತಿನ ಸಹಕಾರಿ ಸಂಘದ ಕೌಂಟರಿನಲ್ಲಿ ಕೂತು ಬೆನ್ನು ಹಿಡಿದಿತ್ತು. ಬೆಳಿಗ್ಗೆ ಸೋಲಾಪುರದಿಂದ ಎಸ್‌ಟಿ ಬಸ್ಸು, ಅಕ್ಕಲಕೋಟದ ಸ್ಟ್ಯಾಂಡಿನಲ್ಲಿ ಇಳಿದು ಈ ಅಂಗಡಿಯಲ್ಲಿಟ್ಟ ಸೈಕಲ್ ತಗೊಂಡು ಆಫೀಸು, ಸಂಜೆ ಸೈಕಲ್ ಇಲ್ಲಿ ಬಿಟ್ಟು ಮತ್ತೆ ಬಸ್ಸು. ಈ ಶನಿವಾರಕ್ಕೆ ಅದೆಲ್ಲ ಮುಗಿಯುವುದಿತ್ತು. ಸೋಲಾಪುರಕ್ಕೇ ಬದಲಿಯಾಗಿತ್ತು. ಮನೆಗೆ ಒಯ್ಯುವ ಮೊದಲು ಒಮ್ಮೆ ಸರ್ವಿಸಿಂಗ್ ಆಗಲಿ ಅಂತ ಅವಳೇ ಹೇಳಿದ್ದಳು.

"ಇದರ ದುಡ್ಡು ನಾ ಕೊಡತೀನ್ರಿ. ಸೈಕಲ್ ನಂದು. ತುಳದು ಸವಿಸಿದಾಕಿ ನಾನು."

"ಬ್ಯಾಡ್ರಿ. ನನ್ನ ಕೈಯಾಗ ಮುರದೈತಿ."

"ಹಳೇದಿತ್ತಲ್ರಿ. ಇವತ್ತಲ್ಲ ನಾಳೆ ಮುರೀತಿತ್ತು."

ಒಳಗೆ ಗಲ್ಲಾಪೆಟ್ಟಿಗೆಯ ಹಿಂದೆ ಹತ್ತಿಯ ಬತ್ತಿ ಹೊಸೆಯುತ್ತಿದ್ದ ಗೋದೂಬಾಯಿ, ಸೋಮೇಶನ ತಾಯಿ, ತಲೆ ಎತ್ತಲಿಲ್ಲ. "ಪಾನಾ ಹಚ್ಚೂ ಮೊದಲ ಭಕ್ತಿಬಾಯಾರ್ನ ಕೇಳಿದ್ದೇನೋ?"

"ಇಲ್ಲವ್ವ."

"ಮತ್ಯಾಕ ವಾದ? ಅಂಗಡೀದು."

ಅದು ಆ ಅಂಗಡಿಯ ರೀತಿ. ಸವೆದ ಭಾಗಕ್ಕೆ ಪಾನಾ ಹಚ್ಚುವ ಮೊದಲು ಮಾಲಕರನ್ನು ಕರೆದು ತೋರಿಸಿ, 'ಹಚ್ಚಲೇನ್ರಿ?' ಅಂತ ಕೇಳಬೇಕು. 'ಹಚ್ಚರಿ' ಅಂದಮೇಲೆ ಮುರಿದರೆ ಮಾಲಕರದು. ಕೇಳದೆ ಹಚ್ಚಿ ಮುರಿದರೆ ಅಂಗಡಿಯದು. ಸೋಮೇಶನ ತಂದೆ ಇದ್ದಾಗಿನಿಂದ ನಡೆದುಬಂದದ್ದು. ಭಕ್ತಿಗೂ ಗೊತ್ತಿತ್ತು. ಗೊತ್ತಿದ್ದರೂ ಮನಸ್ಸು ಒಪ್ಪಲಿಲ್ಲ.

"ಈ ಕಂಪನಿ ಬಂದ್ ಆಗಿ ಭಾಳ ವರ್ಷ ಆತು. ಇದರ ಜೋಡಿ ಅಕ್ಕಲಕೋಟದಾಗ ಸಿಗೂದಿಲ್ರಿ," ಅಂದ ಸೋಮೇಶ.

"ಸೋಲಾಪುರದಾಗ ನೋಡತೀನಿ." ಅವಳು ಕ್ರ್ಯಾಂಕನ್ನು ಅವನ ಕೈಯಿಂದ ತೆಗೆದುಕೊಂಡಳು. ಅವನು ಒಂದು ಗಳಿಗೆ ಬಿಡಲಿಲ್ಲ. ಇಬ್ಬರ ಬೆರಳೂ ಎಣ್ಣೆಯಲ್ಲಿ ಜಾರಿದವು. ಆಗ ಅವನು ಮುಖ ನೋಡಿದ, ನೋಡಿದ್ದಕ್ಕೆ ತಪ್ಪಾಯಿತು ಎಂಬಂತೆ ಕೂಡಲೇ ಚಕ್ರದ ಕಡೆ ತಿರುಗಿದ.

ಬಸ್ಸಿನಲ್ಲಿ ಅವಳು ಕಾಗದದಲ್ಲಿ ಸುತ್ತಿದ ಕ್ರ್ಯಾಂಕನ್ನು ಮಡಿಲಲ್ಲಿಟ್ಟು ಕಿಟಕಿಗೆ ತಲೆಯಾನಿಸಿದಳು. ಎಣ್ಣೆ ಓಢಣಿಗೆ ಹತ್ತಿತು. ತಾನು ದುಡ್ಡು ಕೊಡುತ್ತೇನೆ ಅಂದದ್ದು ನ್ಯಾಯಕ್ಕೋ, ಅಥವಾ ಅವನ ಋಣ ತೀರಿಸಿ ಹಗುರಾಗಿ ಹೋಗುವುದಕ್ಕೋ? ತೀರಿಹೋದರೆ ಆ ಅಂಗಡಿಗೆ ಮತ್ತೆ ಬರಲು ಕಾರಣ ಏನು ಉಳಿಯುತ್ತದೆ? ಮನೆಯಲ್ಲಿ, ಹೆಣ್ಣು ನೋಡಲು ಬಂದ ಮಂದಿಗೆ ಉಪ್ಪಿಟ್ಟು ಮಾಡಿ ಮಾಡಿ ಅವ್ವ ದಣಿದಿದ್ದಳು. ತಟ್ಟೆ ಹಿಡಿದು ಹೊರಗೆ ಬಂದು ಬಂದು ಭಕ್ತಿಯೂ ದಣಿದಿದ್ದಳು. ಆ ಸ್ಟೂಲಿನ ಮೇಲೆ ಕೂತಾಗ ಮಾತ್ರ ಯಾರೂ ಅವಳನ್ನು ಅಳೆಯುತ್ತಿರಲಿಲ್ಲ.

ಸೋಲಾಪುರದ ವಿಜಾಪುರ ರಸ್ತೆಯ ಒಂದು ಹಳೆಯ ಸೈಕಲ್ ಅಂಗಡಿಯಲ್ಲಿ ಸಾಯಬಣ್ಣ ಎಂಬ ಮುದಿ ಮಿಸ್ತ್ರಿ ಕ್ರ್ಯಾಂಕನ್ನು ಬೆಳಕಿಗೆ ಹಿಡಿದು, ತೂತಿನೊಳಗೆ ಕಿರುಬೆರಳು ಆಡಿಸಿದ.

"ಭಾಳ ತುಳದೀನೇನ್ರಿ ನಾನು?" ಭಕ್ತಿ ಅಳುಕುತ್ತ ಕೇಳಿದಳು.

"ಇದು ತುಳದು ಸವದದ್ದಲ್ಲ ತಾಯಿ. ಬಿಚ್ಚೂದು, ಹಚ್ಚೂದು, ಬಿಚ್ಚೂದು, ಹಚ್ಚೂದು. ಅದರಿಂದ ಸವದೈತಿ. ಯಾವ ಮಿಸ್ತ್ರಿರಿ ಇವ? ಕೆಲಸಾ ಬರೂದಿಲ್ಲೇನು?"

"ಬರತೈತ್ರಿ."

"ಬರತಿದ್ರ ಇಷ್ಟ ಸಲ ಯಾಕ ಬಿಚ್ಯಾನ?"

ಭಕ್ತಿಯ ಮುಖ ಬಿಸಿಯಾಯಿತು. ಮುದುಕ ನೋಡಿಬಿಟ್ಟಾನು ಅಂತ ಗೋಡೆಗೆ ನೇತುಹಾಕಿದ ಟ್ಯೂಬುಗಳ ಕಡೆ ತಿರುಗಿ ನಿಂತಳು.

ಸಂಜೆಗಳು ಒಂದೊಂದಾಗಿ ನೆನಪಾದವು. ಅವಳು ಸೈಕಲ್ ಒಪ್ಪಿಸಿ ಹೊರಟಾಗಲೇ ಸೋಮೇಶ ಅನ್ನುತ್ತಿದ್ದ: "ಪೆಡಲ್ ಸಪ್ಪಳಾ ಮಾಡಾಕತ್ತೈತ್ರಿ. ಒಂದ ನಿಮಿಷ ಕೂಡ್ರಿ." ಸ್ಟೂಲನ್ನು ಹೊಸ ಅರಿವೆಯಿಂದ ಒರೆಸುತ್ತಿದ್ದ. ಪೆಡಲ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸ್ ಹಚ್ಚಿ, ಮತ್ತೆ ಕೂಡಿಸುತ್ತಿದ್ದ. ಆ ಹೊತ್ತಿಗೆ ಬಸ್ಸು ಹೋಗಿರುತ್ತಿತ್ತು. ಗೋದೂಬಾಯಿ ಚಹಾ ಕೊಡುತ್ತಿದ್ದಳು. ಅವನು ಬಗ್ಗಿ ಕೆಲಸ ಮಾಡುವಾಗ, ಹೊಳೆಯುವ ರಿಮ್ಮಿನಲ್ಲಿ ಅವಳಿಗೆ ಅವನ ಕಣ್ಣುಗಳು ಕಾಣುತ್ತಿದ್ದವು. ಅವು ಪೆಡಲನ್ನು ನೋಡುತ್ತಿರಲಿಲ್ಲ.

ಶನಿವಾರ ಸಂಜೆ ಅವಳು ಸಾಯಬಣ್ಣನ ಹತ್ತಿರ ಸಿಕ್ಕ ಹೊಸ ಕ್ರ್ಯಾಂಕ್ ತಂದಳು. ಇನ್ನೊಂದು ಚೀಲದಲ್ಲಿ ಆಫೀಸಿನವರು ಬೀಳ್ಕೊಡುವಾಗ ಕೊಟ್ಟ ಶಾಲು, ತೆಂಗಿನಕಾಯಿ. ಸೋಮೇಶ ಸ್ಟೂಲ್ ಒರೆಸಿದ. ಕ್ರ್ಯಾಂಕ್ ಕೂಡಿಸಿದ. ಅವನ ಕಣ್ಣಿನ ಕೆಳಗೆ ಕಪ್ಪಾಗಿತ್ತು.

"ಸೋಲಾಪುರದ ಮಿಸ್ತ್ರಿ ಏನಂದ್ರು ಗೊತ್ತೇನ್ರಿ?"

"ಏನಂದ್ರು?"

"ಅಕ್ಕಲಕೋಟದ ಮಿಸ್ತ್ರಿಗೆ ಕೆಲಸಾ ಬರೂದಿಲ್ಲ ಅಂದ್ರು."

ಅವನ ಕಿವಿ ಕೆಂಪಾಯಿತು. "ಖರೇನ ಅಂದಾರ."

"ನಾ ಬರತೈತಿ ಅಂದೆ."

ಸೋಮೇಶ ಪಾನಾ ಕೆಳಗಿಟ್ಟ. ಕೈ ಒರೆಸಿಕೊಂಡ. ಒರೆಸಿದ ಕೈಯನ್ನೇ ಮತ್ತೆ ಒರೆಸಿದ.

"ಪೆಡಲ್ ಸಪ್ಪಳಾ ಮಾಡತಿರಲಿಲ್ರಿ," ಅಂದ. "ಒಂದಿನಾನೂ ಮಾಡಿಲ್ಲ."

"ನನಗೂ ಕೇಳಿಸಿಲ್ಲ."

"ಮತ್ತ 'ಹೌದ್ರಿ, ಮಾಡತೈತಿ' ಅಂತಿದ್ರಿ?"

"ಅಂತಿದ್ದೆ."

ಅವನು ಈಗ ಅವಳನ್ನು ನೇರವಾಗಿ ನೋಡಿದ. ರಿಮ್ಮಿನಲ್ಲಿ ಡೊಂಕಾಗಿ ಕಾಣುತ್ತಿದ್ದ ಕಣ್ಣುಗಳು ಇಷ್ಟು ನೆಟ್ಟಗಿವೆ ಅಂತ ಭಕ್ತಿಗೆ ತಿಳಿದಿರಲಿಲ್ಲ. ಅವಳು ಕಣ್ಣು ಇಳಿಸಲಿಲ್ಲ. ನಾಚುವುದಕ್ಕೂ ಶಕ್ತಿ ಬೇಕು, ಅದು ಅವಳಲ್ಲಿ ಉಳಿದಿರಲಿಲ್ಲ.

"ಹಂಗಾದ್ರ ಇದರ ದುಡ್ಡು ಅರ್ಧಾ ಅರ್ಧಾ ಕೊಡೂಣು," ಅಂದಳು. "ಸವಿಸಿದವರು ನೀವು. ಸವೀಲಿ ಅಂತ ಕುಂತಾಕಿ ನಾನು."

"ಇಲ್ರಿ. ಕೇಳದ ಬಿಚ್ಚಿದವ ನಾನು. ಕೇಳಿದ್ರ ನೀವು ಬ್ಯಾಡಂತೀರಿ ಅಂತ ಕೇಳಲಿಲ್ಲ. ನಿಮ್ಮಂಥ ಆಫೀಸಿನವರು, ನಾ ಸೈಕಲ್ ಮಿಸ್ತ್ರಿ. ಈಗಂತೂ ಸೈಕಲ್ಲೂ ಯಾರೂ ತರೂದಿಲ್ಲ." ಅವನು ಉಸಿರು ಬಿಟ್ಟ. "ಸುಮ್ಮನ ಇದ್ದು ಇದ್ದು ಸಾಕಾಗೈತ್ರಿ. ಇವತ್ತ ಕೇಳಿಬಿಡತೀನಿ. ನಾಳೆ ಐತವಾರ. ಅವ್ವನ ಕರಕೊಂಡು ನಿಮ್ಮ ಮನಿಗೆ ಬರಲೇನ್ರಿ?"

ಒಳಗೆ ಗೋದೂಬಾಯಿಯ ಬತ್ತಿ ಹೊಸೆಯುವ ಕೈ ನಿಂತಿತು.

ಭಕ್ತಿಗೆ ಎಲ್ಲ ಒಟ್ಟಿಗೇ ನೆನಪಾಯಿತು. ಅಪ್ಪನ ಗಂಟಿಕ್ಕಿದ ಹುಬ್ಬು, ನೆಂಟರ ಬಾಯಿ, ತನ್ನ ವಯಸ್ಸು.

"ಅಪ್ಪಾ ಏನಂತಾರೋ ಗೊತ್ತಿಲ್ರಿ."

"ಗೊತ್ತಿಲ್ಲದ್ದಕ್ಕನ ಕೇಳಾಕತ್ತೀನಿ."

"ಮಾತು ಮುರದ್ರ?"

"ಮುರದ್ರ ಇಬ್ಬರದೂ. ಒಬ್ಬರ ಮ್ಯಾಲೆ ಹಾಕೂದು ಬ್ಯಾಡ."

ಅವಳು ಇಷ್ಟು ಹೊತ್ತೂ ಮಡಿಲಲ್ಲೇ ಇಟ್ಟುಕೊಂಡಿದ್ದ ಶಾಲಿನ ಚೀಲವನ್ನು ನೆಲಕ್ಕಿಟ್ಟಳು. ಅದು ಇಷ್ಟು ಭಾರವಿತ್ತು ಅಂತ ಇಟ್ಟಮೇಲೆ ಗೊತ್ತಾಯಿತು.

"ಬರ್ರಿ. ಆದ್ರ ಉಪ್ಪಿಟ್ಟು ಮಾಡಬ್ಯಾಡ ಅಂತ ಅವ್ವಗ ಹೇಳತೀನಿ."

ಒಳಗಿಂದ ಗೋದೂಬಾಯಿ ಅಂದಳು: "ನನಗೇನೂ ಕೇಳ್ಸೂದಿಲ್ಲವ್ವ. ಐತವಾರ ಎಷ್ಟೊತ್ತಿಗೆ ಹೊಂಡೂದು, ಅಷ್ಟ ಹೇಳ್ರಿ."

ಸೋಮೇಶ ನಕ್ಕ. ಭಕ್ತಿ ಅವನು ನಕ್ಕದ್ದನ್ನು ನೋಡಿದ್ದು ಕಡಿಮೆ. ಸ್ಟ್ಯಾಂಡಿನಲ್ಲಿ ಕಂಡಕ್ಟರ್ "ಸೋಲಾಪುರ, ಸೋಲಾಪುರ" ಅಂತ ಕೂಗುತ್ತಿದ್ದ. ಸೋಮೇಶ ಪೆಡಲ್ ಎತ್ತಿ ಹೊಸ ಕ್ರ್ಯಾಂಕಿನ ಬಾಯಿಗೆ ಹಿಡಿದ. ಪಾನಾ ತಗೊಂಡು ತಿರುವಲಿಲ್ಲ, ಅವಳ ಕಡೆ ತಿರುಗಿದ.

"ಹಚ್ಚಲೇನ್ರಿ?"

"ಹಚ್ಚರಿ," ಅಂದಳು ಭಕ್ತಿ, ಗೋಡೆಗೆ ಬೆನ್ನು ಆನಿಸಿ. "ಸಾವಕಾಶ ಹಚ್ಚರಿ. ಇನ್ನೊಂದು ಬಸ್ ಐತಿ."