ಹಳದಿ ಬಟ್ಟೆಯಲ್ಲಿ ಸುತ್ತಿಟ್ಟ ದನಿ

"ಇದನ್ನ ಇವತ್ತೇ ಸರಿ ಮಾಡಿಕೊಡ್ಬೇಕು! ನಾಳೆ ಅಂದ್ರೆ ನಾನು ಇಲ್ಲಿಂದ ಏಳೋದೇ ಇಲ್ಲ!"

ಕಂಪ್ಯೂಟರಿನ ಡಬ್ಬವನ್ನು ಕೌಂಟರಿನ ಮೇಲೆ ಧೊಪ್ಪನೆ ಇಟ್ಟು ಪುಟ್ಟಿ ಏದುಸಿರು ಬಿಟ್ಟಳು. ಔಷಧಿ ಅಂಗಡಿಯ ಬಿಳಿ ಕೋಟನ್ನೂ ಬಿಚ್ಚದೆ ಓಡಿ ಬಂದಿದ್ದಳು. ಜೇಬಿನಿಂದ ಯಾರದೋ ಮಾತ್ರೆ ಚೀಟಿ ಇಣುಕುತ್ತಿತ್ತು.

ರಿಪೇರಿಯವನು ತಲೆ ಎತ್ತಿದ. ತುಟಿಯಲ್ಲಿ ಕಚ್ಚಿಕೊಂಡಿದ್ದ ಸ್ಕ್ರೂ ತೆಗೆದಿಟ್ಟು, ಡಬ್ಬ ಬಿಚ್ಚಿ, ಕರೆಂಟು ಕೊಟ್ಟು, ಕಿವಿಯಿಟ್ಟು ಕೇಳಿದ. ಟಕ್... ಟಕ್... ಟಕ್.

"ಹಾರ್ಡ್ ಡಿಸ್ಕ್ ಹೋಗಿದೆ. ಹೊಸದು ತರಿಸಿ ಹಾಕ್ಬೇಕು. ನಾಳೆ ಬನ್ನಿ."

"ಅದರಲ್ಲಿ ನಮ್ಮಪ್ಪನ ದನಿ ಇದೆ. ಅದು ಬರುತ್ತೆ ತಾನೇ?"

"ಹೇಳೋಕಾಗಲ್ಲ."

ಅಯ್ಯೋ, ಎಂಥ ಮನುಷ್ಯ! ಸಮಾಧಾನಕ್ಕಾದರೂ ಒಂದು ಒಳ್ಳೆ ಮಾತು ಬೇಡವಾ?

ಪಾಪ, ಅವಳಿಗೇನು ಗೊತ್ತು! ಆ ಬೀದಿಯವರು ಅವನಿಗೆ ಇಟ್ಟಿದ್ದ ಹೆಸರೇ 'ಹೇಳೋಕಾಗಲ್ಲ'. ಸಂಜೆ ಅಂಗಡಿ ತೆಗೆದಿರುತ್ತಾ ಎಂದು ಕೇಳಿದರೂ ಅವನ ಬಾಯಲ್ಲಿ ಬರುತ್ತಿದ್ದುದು ಅದೊಂದೇ ಮಾತು.

ಪುಟ್ಟಿಯ ಅಪ್ಪ ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಅವರು "ಹೋಲ್ಡಾನ್!" ಎಂದರೆ ಬಸ್ಸಷ್ಟೇ ಅಲ್ಲ, ಪಕ್ಕದಲ್ಲಿ ಹೋಗುತ್ತಿದ್ದ ಸೈಕಲ್ಲೂ ನಿಲ್ಲುತ್ತಿತ್ತು. "ರೈಟ್, ರೈಟ್!" ಎಂದರೆ ನಿದ್ದೆ ಹೋದವರೂ ಎದ್ದು ಕೂರುತ್ತಿದ್ದರು. ಲಕ್ವ ಹೊಡೆದ ದಿನ ಆ ದನಿ ಅಡಗಿಹೋಯಿತು.

ಮಾತು ಕಲಿಸುವ ಡಾಕ್ಟರಮ್ಮ ಹೇಳಿಕೊಟ್ಟಂತೆ ಪುಟ್ಟಿ ಅಪ್ಪನಿಂದ ದಿನಕ್ಕೊಂದು ಪದ ಹೇಳಿಸಿ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡುತ್ತಿದ್ದಳು. ಅಪ್ಪನದು ಒಂದೇ ಹಠ. ಮೊದಲು ನಿನ್ನೆಯ ತಮ್ಮ ದನಿ ಕೇಳಬೇಕು, ಆಮೇಲೇ ಇವತ್ತಿನ ಪದ. ನಿನ್ನೆ ಹೇಳಿದ್ದೇನೆ, ಇವತ್ತೂ ಆಗುತ್ತೆ ಎನ್ನುವ ಧೈರ್ಯ ಅವರಿಗೆ ಅಲ್ಲಿಂದಲೇ ಬರುತ್ತಿತ್ತು.

ಹೀಗೆ ನಾನೂರ ಎರಡು ದಿನ. ಈಗ ಕಂಪ್ಯೂಟರ್ ಕೆಟ್ಟಿತ್ತು, ಅಪ್ಪ ಬಾಯಿ ಮುಚ್ಚಿಬಿಟ್ಟಿದ್ದರು!

"ಅಭ್ಯಾಸ ಬಿಡಿಸ್ಬೇಡಮ್ಮ, ಬಂದಿರೋ ಮಾತೂ ಹೋಗಿಬಿಡುತ್ತೆ" ಎಂದಿದ್ದ ಡಾಕ್ಟರಮ್ಮನ ಮಾತು ಪುಟ್ಟಿಯ ಎದೆಯಲ್ಲಿ ಕೂತಿತ್ತು.

ಮರುದಿನ ಅವಳು ಹೋದಾಗ ಹೊಸ ಡಿಸ್ಕ್ ಬಂದಿತ್ತು. ಅವನು ಮೊದಲು ಹಳೆಯದರ ವೈರು ಕಿತ್ತ. ಅದನ್ನು ಹಳದಿ ಬಟ್ಟೆಯಲ್ಲಿ ಸುತ್ತಿ, ಚೀಟಿ ಅಂಟಿಸಿ, ಡ್ರಾಯರಿನಲ್ಲಿಟ್ಟು ಬೀಗ ಹಾಕಿದ. ಕೆಟ್ಟ ಡಿಸ್ಕಿಗೆ ಇಷ್ಟೊಂದು ಮರ್ಯಾದೆಯಾ ಎಂದು ಅವಳಿಗೆ ನಗು ಬಂತು.

ಆಮೇಲೆ ಹೊಸ ಡಿಸ್ಕ್ ಜೋಡಿಸಿ ಪೆನ್‌ಡ್ರೈವ್ ಸಿಕ್ಕಿಸಿದ. ಪರದೆಯ ಮೇಲೆ ಅಂಕಿ ಏರತೊಡಗಿತು. ಹತ್ತು... ಇಪ್ಪತ್ತಾರು... ನಲವತ್ತು...

ಅವನು ಮಾತಾಡದೆ ಸ್ಟೂಲ್ ಎಳೆದುಕೊಟ್ಟ. ಅವಳ ಹಣೆಯ ಬೆವರು ನೋಡಿ ಫ್ಯಾನನ್ನೂ ಅವಳ ಕಡೆ ತಿರುಗಿಸಿದ.

'ಪರವಾಗಿಲ್ಲ... ಮನುಷ್ಯತ್ವ ಇದೆ!'

ನೂರು! ಪುಟ್ಟಿಯ ಕಣ್ಣು ತುಂಬಿತು. ಆ ಅಂಕಿಯ ಜೊತೆ ಅಪ್ಪನ ದನಿಯೂ ಒಂದೊಂದಾಗಿ ಒಳಗೆ ತುಂಬುತ್ತಿದೆ ಎಂದೇ ಅವಳು ಅಂದುಕೊಂಡಿದ್ದಳು. ಅವಳು ಹಾಗೆ ಅಂದುಕೊಂಡಿದ್ದಾಳೆ ಎನ್ನುವುದು ಅವನಿಗೆ ಹೊಳೆಯಲೇ ಇಲ್ಲ.

ಮನೆಗೆ ಬಂದು ಅಪ್ಪನನ್ನು ಎದುರು ಕೂರಿಸಿಕೊಂಡು ತೆರೆದರೆ... ಏನೂ ಇಲ್ಲ! ತೊಳೆದಿಟ್ಟ ತಟ್ಟೆಯ ಹಾಗೆ ಖಾಲಿ! ಅಪ್ಪ ಒಂದು ಗಳಿಗೆ ಪರದೆ ನೋಡಿ, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು.

ಪುಟ್ಟಿ ಬಂದ ದಾರಿಯಲ್ಲೇ ವಾಪಸ್ ಓಡಿದಳು.

"ನೂರು ತುಂಬ್ತಲ್ಲ, ಅಪ್ಪನ ದನಿ ಎಲ್ಲಿ?"

"ಅದು ಸಿಸ್ಟಂ ಹಾಕಿದ್ದು, ಕಂಪ್ಯೂಟರ್ ಓಡೋಕೆ. ನಿಮ್ಮ ಫೈಲ್‌ಗಳು ಹಳೇದರಲ್ಲೇ..."

"ಬರುತ್ತೋ ಇಲ್ವೋ? ಅಷ್ಟು ಹೇಳಿ!"

ಅವನು ಡ್ರಾಯರಿನ ಕಡೆ ಒಮ್ಮೆ ನೋಡಿದ.

"ಹೇಳೋಕಾಗಲ್ಲ."

"ನಿಮ್ಮದೇನು ಮನಸ್ಸೋ, ಕಲ್ಲೋ? ಅಲ್ಲಿ ನಮ್ಮಪ್ಪ ಮಾತು ಬಿಟ್ಟು ಮಲಗಿದಾರೆ!"

ಅವಳು ತಿರುಗಿ ನೋಡದೆ ಹೊರಟುಹೋದಳು. ನೋಡಿದ್ದರೆ, ಅವನು ಡ್ರಾಯರಿನ ಬೀಗ ತೆಗೆಯುತ್ತಿದ್ದುದು ಕಾಣುತ್ತಿತ್ತು.

ಒಂಬತ್ತು ದಿನ ಕಳೆಯಿತು. ಪುಟ್ಟಿ ಫೋನಿನಲ್ಲಿ ಹೊಸದಾಗಿ ಶುರು ಮಾಡಲು ನೋಡಿದಳು, ಅಪ್ಪ ತಲೆ ಅಲ್ಲಾಡಿಸಿದರು. ನೀರು ಬೇಕಾದರೂ ಕೈಸನ್ನೆ. ಕೊನೆಗೆ ಹಳೆಯ ಡಿಸ್ಕನ್ನು ಬೇರೆ ಯಾರಿಗಾದರೂ ತೋರಿಸೋಣ ಎಂದು ಅಂಗಡಿಗೆ ಹೋದಳು. ಕೌಂಟರಿನಲ್ಲಿ ಅವನ ಅಕ್ಕ ಕೂತಿದ್ದರು.

ಅವಳು ಬಾಯಿ ತೆರೆಯುವಷ್ಟರಲ್ಲಿ ಒಳಕೋಣೆಯ ಬಾಗಿಲಿಗೆ ಇಳಿಬಿಟ್ಟ ಬಟ್ಟೆಯ ಪರದೆಯ ಹಿಂದಿನಿಂದ ಅವಳದೇ ದನಿ ಕೇಳಿಬಂತು.

"ಇವತ್ತು ಇನ್ನೂರ ಹದಿನೇಳನೇ ದಿನ. ಅಪ್ಪ, ಹೇಳಿ... ನೀರು."

"ನೀ... ನೀ... ನೀರು."

"ಭೇಷ್ ಯಜಮಾನ್ರೇ! ಬಂತು ನೋಡಿ!"

ಕೊನೆಯ ಮಾತು ರೆಕಾರ್ಡಿಂಗಿನದಲ್ಲ. ಅದು ಅವನದು! ಒಬ್ಬನೇ ಕೂತು ಚಪ್ಪಾಳೆ ಬೇರೆ ತಟ್ಟುತ್ತಿದ್ದ!

ಅಕ್ಕ ದನಿ ತಗ್ಗಿಸಿದರು. "ನೀವೇನಾ ಆ ಹುಡುಗಿ? ಡಿಸ್ಕ್ ಹತ್ತು ನಿಮಿಷಕ್ಕೆ ಬಿಸಿಯಾಗಿ ನಿಂತುಬಿಡುತ್ತಂತೆ. ಫ್ಯಾನ್ ಹಾಕಿ ಆರಿಸ್ತಾನೆ, ಮತ್ತೆ ಒಂದಷ್ಟು ತೆಗೀತಾನೆ. ಫೈಲ್‌ಗಳ ಹೆಸರೆಲ್ಲಾ ಕಳೆದುಹೋಗಿದೆಯಂತೆ. ನೀವು ಎಷ್ಟನೇ ದಿನ ಅಂತ ಹೇಳ್ತೀರಲ್ಲ, ಅದನ್ನ ಕೇಳಿಸ್ಕೊಂಡು ಒಂದೊಂದೇ ಜೋಡಿಸ್ತಿದಾನೆ."

"ಮತ್ತೆ... ನಂಗೆ ಒಂದು ಮಾತು ಹೇಳ್ಬಾರದಿತ್ತಾ?"

"ಅದಕ್ಕೆ ನಾನೇ ಕಾರಣ ಕಣಮ್ಮ. ನನ್ನ ಮಗಳ ಮೊದಲ ವರ್ಷದ ಫೋಟೋ ಎಲ್ಲಾ ಸಿಕ್ಕೇ ಸಿಗುತ್ತೆ ಅಕ್ಕ ಅಂದಿದ್ದ. ಎರಡೂ ಡಿಸ್ಕ್ ಸಿಕ್ಕಿಸಿಟ್ಕೊಂಡೇ ಸಿಸ್ಟಂ ಹಾಕೋಕೆ ಹೋಗಿ, ಹೊಸದರ ಬದಲು ಹಳೇದನ್ನ ಒತ್ತಿಬಿಟ್ಟ. ಎಲ್ಲಾ ಅಳಿಸಿಹೋಯ್ತು. ಆರು ತಿಂಗಳು ನಾನು ಅವನ ಮುಖ ನೋಡ್ಲಿಲ್ಲ. ಅವತ್ತಿಂದ ಹಳೇದಕ್ಕೆ ಬೀಗ ಹಾಕಿಟ್ಟೇ ಹೊಸದು ಮುಟ್ತಾನೆ. ಕೈಗೆ ಬರೋವರೆಗೂ ಯಾರಿಗೂ ಆಸೆ ಹುಟ್ಟಿಸಲ್ಲ."

ಪುಟ್ಟಿ ಕೋಟಿನ ತೋಳಿನಲ್ಲೇ ಕಣ್ಣೊರೆಸಿಕೊಂಡಳು. 'ಕಲ್ಲು ಅಂದೆನಲ್ಲ... ಯಾವ ಬಾಯಲ್ಲಿ ಅಂದೆ!'

"ಅಕ್ಕ, ನಾನು ಬಂದಿದ್ದೆ ಅಂತ ಹೇಳ್ಬೇಡಿ. ಅವರ ಕೆಲಸ ಮುಗೀಲಿ."

ಮೂರನೇ ದಿನ ಬೆಳಗ್ಗೆ ಅವನೇ ಮನೆ ಬಾಗಿಲಲ್ಲಿ ನಿಂತಿದ್ದ. ಕಣ್ಣು ಕೆಂಪಾಗಿತ್ತು, ಅಂಗಿಯ ಗುಂಡಿ ಒಂದು ಮನೆ ತಪ್ಪಿ ಹಾಕಿಕೊಂಡಿದ್ದ.

"ಎಲ್ಲಾ ಬಂತು. ನಾನೂರ ಎರಡೂ."

ಪುಟ್ಟಿ ಬಾಗಿಲನ್ನು ಪೂರ್ತಿ ತೆರೆದಳು. ದಾರಿ ಬಿಟ್ಟು ನಿಂತಳು. ಅವನು ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ, ಕೊನೆಯ ದಿನದ್ದನ್ನು ಹಚ್ಚಿದ. "ಬಾ... ಗಿ... ಲು." ಅಪ್ಪ ಗೋಡೆಯ ಕಡೆಯಿಂದ ನಿಧಾನವಾಗಿ ಈ ಕಡೆ ಹೊರಳಿದರು. ತಮ್ಮ ದನಿಯನ್ನೇ ಮೂರು ಸಲ ಕೇಳಿದರು.

ಪುಟ್ಟಿ ರೆಕಾರ್ಡಿಂಗ್ ಒತ್ತಿದಳು. "ಇವತ್ತು ನಾನೂರ ಮೂರನೇ ದಿನ. ಅಪ್ಪ, ಹೇಳಿ... ಕಿಟಕಿ."

ಅಪ್ಪ ತುಟಿ ಅಲುಗಿಸಿದರು. ದನಿ ಬರಲಿಲ್ಲ.

"ಅವಸರ ಬೇಡ ಬಿಡಿ" ಎಂದು ಅವನು ಚೀಲ ಎತ್ತಿಕೊಂಡು ಹೊರಬಾಗಿಲಿನತ್ತ ನಡೆದ. ಅವಳು ಹಿಂದೆಯೇ ಹೋದಳು.

"ನಾನು ಅವತ್ತು ಏನೇನೋ ಅಂದ್ಬಿಟ್ಟೆ. ಕ್ಷಮಿಸಿ. ನೀವು ಮಾಡಿದ್ದಕ್ಕೆ ನಾನು ಏನು ಹೇಳಿದ್ರೂ ಕಮ್ಮಿನೇ..."

"ನಾನೂ ಒಂದು ಹೇಳ್ಬೇಕು" ಅವನು ನೆಲ ನೋಡುತ್ತಾ ಹೇಳಿದ. "ಮುನ್ನೂರ ಆರನೇ ದಿನ ನೀವು ರೆಕಾರ್ಡಿಂಗ್ ನಿಲ್ಲಿಸೋದು ಮರ್ತಿದ್ರಿ. ಅಳು ಕೇಳಿಸ್ತು. ಅದು ನಾನು ಕೇಳೋವಂಥದ್ದಲ್ಲ ಅಂತ ಅಲ್ಲೇ ನಿಲ್ಲಿಸ್ದೆ. ಆದ್ರೆ... ಈಗ ನಿಮ್ಮ ದನಿ ಕೇಳ್ದೆ ನಂಗೆ ಬೆಳಗಾಗೋದೇ ಇಲ್ಲ. ನಂಗೆ ನೀವಂದ್ರೆ ಇಷ್ಟ. ತಪ್ಪು ತಿಳ್ಕೋಬೇಡಿ. ಬರ್ತೀನಿ."

ಅವಳ ಕೆನ್ನೆ ಬಿಸಿಯಾಯಿತು. ನಿಲ್ಲಿ ಎನ್ನಬೇಕು ಎಂದುಕೊಳ್ಳುವಷ್ಟರಲ್ಲಿ ಅವನು ಆಗಲೇ ಮೆಟ್ಟಿಲ ಮೇಲೆ ಕಾಲಿಟ್ಟಿದ್ದ.

"ಹೋ... ಹೋಲ್ಡಾನ್!"

ಇಬ್ಬರೂ ಬೆಚ್ಚಿ ತಿರುಗಿದರು. ಅಪ್ಪ ಮಂಚದ ಮೇಲೆ ಎದ್ದು ಕೂತಿದ್ದರು! ಲಕ್ವ ಹೊಡೆಯದ ಕೈಯನ್ನು ಎತ್ತಿ ಹಿಡಿದಿದ್ದರು, ಬಸ್ ನಿಲ್ಲಿಸುವಾಗ ಹಿಡಿಯುತ್ತಿದ್ದಂತೆಯೇ.

"ಅಪ್ಪಾ!" ಪುಟ್ಟಿ ಓಡಿ ಹೋಗಿ ಅವರನ್ನು ತಬ್ಬಿಕೊಂಡಳು. ಅಪ್ಪ ಅವಳ ಹೆಗಲ ಮೇಲಿಂದ ಅವನನ್ನೇ ನೋಡುತ್ತಿದ್ದರು. ಅವನೂ ಮೆಟ್ಟಿಲಿಳಿಯದೆ ಕಣ್ಣೊರೆಸಿಕೊಳ್ಳುತ್ತಿದ್ದ.

ಪುಟ್ಟಿ ಅಳುತ್ತಲೇ ನಕ್ಕಳು.

"ನಾಳೆ ಬೆಳಗ್ಗೆ ಬರ್ತೀರಾ?"

ಉತ್ತರ ಏನು ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅವನ ತುಟಿಯೂ ಅಭ್ಯಾಸದಂತೆ 'ಹೇ' ಎನ್ನಲು ತೆರೆದು, ಅಲ್ಲಿಗೇ ನಿಂತಿತು.

"ಬರ್ತೀನಿ. ಖಂಡಿತ ಬರ್ತೀನಿ."

"ಏನೂ ಕೆಟ್ಟಿಲ್ದಿದ್ರೂ?"

"ಬರೋಕೆ ಏನಾದ್ರೂ ಕೆಡ್ಲೇಬೇಕಾ?"

ರೆಕಾರ್ಡಿಂಗ್ ಇನ್ನೂ ಓಡುತ್ತಲೇ ಇತ್ತು. ಅದರಲ್ಲಿ ಪುಟ್ಟಿಯ ನಗು ಇದೆ. ಅದರ ಹಿಂದೆಯೇ, ತಡವರಿಸುತ್ತಾ ಆದರೂ ಗಟ್ಟಿಯಾಗಿ, ಅಪ್ಪನ ದನಿ ಇದೆ.

"ರೈ... ರೈಟ್!"