ಲೇಬಲ್ ಇಲ್ಲದ ಹತ್ತಿಬೀಜ

ಜುಲೈ 14, ಬೆಳಿಗ್ಗೆ 9.40. ಅನಗವಾಡಿಯ ಯಂಕವ್ವ ಸುಟ್ಟ ಹತ್ತಿಗಿಡವೊಂದನ್ನು ಹಿಡಿದು ಬೀಳಗಿ ಠಾಣೆಗೆ ಬಂದಳು.

“ಕಸದೆಣ್ಣಿ ಹೊಡದರ ಕಸ ಅಷ್ಟ ಸಾಯ್ತೈತಿ, ಹತ್ತಿ ಸಾಯೂದಿಲ್ಲ, ಬಗ್ಗಿ ಕಸ ತಗಿಯೂದು ಬ್ಯಾಡಂತ ಬೀಜ ಕೊಟ್ರರಿ. ಅರ್ಧ ಹೊಲ ಹೋತು.”

“ಯಾರು ಕೊಟ್ರು?” ಪಿಎಸ್‌ಐ ಗುರುಪಾದ ಕೇಳಿದರು.

ಯಂಕವ್ವ ಸುಟ್ಟ ಗಿಡವನ್ನು ಮೇಜಿನ ಮೇಲಿಟ್ಟಳು. “ನಮ್ಮೂರ ಮುದಕಪ್ಪಣ್ಣ. ಕೆಟ್ಟ ಮನಷ್ಯಾ ಅಲ್ರೀ ಅಂವಾ.”

10.15ಕ್ಕೆ ಎಫ್‌ಐಆರ್ ದಾಖಲಾಯಿತು. ಹೊಲದ ಪಂಚನಾಮೆಗೆ ಕೃಷಿ ಅಧಿಕಾರಿ ರಾಜಶ್ರೀ ಬಂದರು. ಬದುಕುಳಿದ ಗಿಡದ ಎಲೆ ಅರೆದು, ರಸದಲ್ಲಿ ಪರೀಕ್ಷೆಯ ಪಟ್ಟಿ ಅದ್ದಿದರು. ಎರಡನೆಯ ಗೆರೆ ಮೂಡಿತು.

“ಕಳೆನಾಶಕ ತಡಕೊಳ್ಳೋ ಕುಲಾಂತರಿ ಹತ್ತಿರಿ. ಸರ್ಕಾರ ಇದಕ್ಕ ಒಪ್ಪಿಗಿ ಕೊಟ್ಟಿಲ್ಲ. ಹೋದ ವರ್ಷದ ಬೆಳಿಯೊಳಗಿಂದ ಬೀಜ ತಗದಾರ. ಹಂಗಾಗಿ ಕೆಲವು ಉಳಿತಾವ, ಕೆಲವು ಸುಡತಾವ. ಬಿತ್ತಿದವರೆಲ್ಲ ಈ ವಾರನ ಎಣ್ಣಿ ಹೊಡೀತಾರ, ಸರ್.”

ಮುದಕಪ್ಪನ ಮನೆ ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಹರಿದ ಚೀಲದಿಂದ ಉದುರಿದ ಬೀಜಗಳು ಅಂಗಳದಿಂದ ಹೊಳೆಯ ದಾರಿ ಹಿಡಿದಿದ್ದವು. ಕಾನ್‌ಸ್ಟೆಬಲ್ ಉಮಾಶ್ರೀ ಓಡಿದಳು. ಮೊಣಕಾಲುದ್ದ ನೀರಿನಲ್ಲಿ ಅರವತ್ತರ ಮುದಕಪ್ಪ ಚೀಲ ಹೊತ್ತು ನಿಂತಿದ್ದ.

“ಕಾಕಾ, ಹೊರಗ ಬರ್ರಿ!”

ಅವನು ಚೀಲ ಎಸೆಯುವಷ್ಟರಲ್ಲಿ ಉಮಾಶ್ರೀ ನೀರಿಗಿಳಿದು ಅದರ ಬಾಯಿ ಹಿಡಿದಿದ್ದಳು. ಹನ್ನೊಂದು ಕಿಲೋ ಬೀಜ ಜಪ್ತಿಯಾಯಿತು. ಆಗ 12.50.

“ಇನ್ನ ಯಾರ್ಯಾರಿಗೆ ಕೊಟ್ಟಿ?” ಗುರುಪಾದ ಕೇಳಿದರು.

ಮುದಕಪ್ಪ ತೋಯ್ದ ಧೋತರ ಹಿಂಡತೊಡಗಿದ.

“ಅವರ ಹೊಲಾನೂ ಸುಡತಾವ.”

“ಸುಡೂದಿಲ್ರಿ. ಹೋದ ವರ್ಷ ನನ್ನ ಹೊಲದಾಗ ಒಂದ ಗಿಡಾನೂ ಸುಟ್ಟಿಲ್ಲ.”

ಗುರುಪಾದ ವಾದಿಸಲಿಲ್ಲ, ಜೀಪಿನಲ್ಲಿ ಯಂಕವ್ವನ ಹೊಲಕ್ಕೆ ಕರೆದೊಯ್ದರು. ಮುದಕಪ್ಪ ಸಾಲುಗಳ ನಡುವೆ ಹೋಗಿ ಒಂದು ಕರಕಲು ಗಿಡ ಮುಟ್ಟಿದ, ಇನ್ನೊಂದು ಮುಟ್ಟಿದ, ಗುರುಪಾದರ ಕಡೆ ತಿರುಗಿದ.

“ಬರ್ಕೋರಿ,” ಎಂದ. “ಇನ್ನ ಆರು ಮನಿ.”

ಎಣ್ಣೆ ಹೊಡೆಯಬೇಡಿ ಎಂದು ಹೇಳಲು ಉಮಾಶ್ರೀ ಒಂದೊಂದೇ ಮನೆಗೆ ಫೋನ್ ಮಾಡಿದಳು. ಐದು ಮನೆಯವರು ಸಿಕ್ಕರು. ಆರನೆಯವನಾದ ಬಸಗೊಂಡಪ್ಪ ಫೋನ್ ಎತ್ತಲಿಲ್ಲ. ಜೀಪು ಅವನ ಹೊಲ ಮುಟ್ಟಿದಾಗ ಅವನು ಬೆನ್ನಿಗೆ ಪಂಪು ಕಟ್ಟಿಕೊಂಡು ಎರಡು ಸಾಲು ಮುಗಿಸಿದ್ದ.

“ನಿಲ್ಲಸೋ ಬಸಗೊಂಡ! ನಿಲ್ಲಸೋ!” ಜೀಪು ನಿಲ್ಲುವ ಮೊದಲೇ ಮುದಕಪ್ಪ ಕೂಗಿದ.

ಸಂಜೆ 4.10ಕ್ಕೆ ಮುದಕಪ್ಪ ಬಂಧನದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ.

“ಮನಿಯಾಗ ಯಾರಿಗೆ ತಿಳಸೂದು?”

“ಯಾರೂ ಇಲ್ರಿ.”

ಬೀಜ ಹಂಚಿದ ಕಾರಣವನ್ನು ಗುರುಪಾದ ಹೇಳಿಕೆಯ ಕೊನೆಯಲ್ಲಿ ಬರೆದುಕೊಂಡರು. ಮೂರು ವರ್ಷದ ಹಿಂದೆ ಹತ್ತಿಯಲ್ಲಿ ಕಸ ತೆಗೆಯುವಾಗ ಅವನ ಹೆಂಡತಿ ಅನಸವ್ವನಿಗೆ ಹಾವು ಕಚ್ಚಿತ್ತು. ಜಮಖಂಡಿಯ ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು. ಅಂದು ಅವಳ ಜೊತೆ ಬಗ್ಗಿ ಕಸ ತೆಗೆಯುತ್ತಿದ್ದವರು ಯಂಕವ್ವ ಸೇರಿ ಏಳು ಮಂದಿ ಹೆಂಗಸರು. ಮುದಕಪ್ಪ ಬೀಜ ಕೊಟ್ಟಿದ್ದು ಆ ಏಳು ಮನೆಗಳಿಗೆ ಮಾತ್ರ.