ಜುಲೈ ತಿಂಗಳ ಪಗಾರ

"ಬ್ಯಾಡ ಅನ್ರಿ," ಅಂದ ದಿನಕರ.

ಎದುರಿಗೆ ಕೂತಿದ್ದ ಮೃಣಾಲಿನಿ ಕಚ್ಚಲು ಎತ್ತಿದ್ದ ಪಾವನ್ನು ತಟ್ಟೆಗೆ ಇಳಿಸಿದಳು. ಈ ಮಾತು ಕೇಳಲಿಕ್ಕಂತೂ ಅವಳು ಇಸ್ತ್ರಿ ಮಾಡಿದ ಕುರ್ತಾ ಹಾಕಿಕೊಂಡು ಗೋವೆಯ ಫಾತೋರ್ಡಾದ ಈ ಭಾಜಿ-ಪಾವ್ ಅಂಗಡಿಗೆ ಬಂದಿರಲಿಲ್ಲ.

ಶಾಲೆಯ ಹಂಗಾಮಿ ಕೆಲಸ ಮುಗಿದು ತಿಂಗಳಾಗಿತ್ತು. ಶನಿವಾರದೊಳಗೆ ಬೇರೆ ಕೆಲಸ ಸಿಗದಿದ್ದರೆ ರವಿವಾರ ಧಾರವಾಡದ ಬಸ್ಸು ಹತ್ತಬೇಕೆಂದು ಅಪ್ಪ ತೀರ್ಪು ಕೊಟ್ಟಿದ್ದರು. ಅಷ್ಟರಲ್ಲಿ ಕಡಲ ದಂಡೆಯ ಹೋಟೆಲೊಂದು ಮೂವತ್ತೆರಡು ಸಾವಿರ ಕೊಡುತ್ತೇನೆ ಅಂದಿತ್ತು. ಅಷ್ಟು ಪಗಾರ ಸಾಕೇ ಎಂದು ಅವಳು ದಿನಕರನನ್ನು ಕೇಳಿದ್ದಳು.

ದಿನಕರ ಬೆಳಗಾವಿಯವ. ಇನ್ನೊಂದು ಹೋಟೆಲಿನಲ್ಲಿ ಎಲ್ಲರ ಪಗಾರದ ಲೆಕ್ಕ ಬರೆಯುವವ. ವರ್ಷವಿಡೀ ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಸೀಟು ಹಿಡಿದಿಟ್ಟು, ಸೆಕೆಯ ಬಗ್ಗೆ ಮಾತ್ರ ಮಾತಾಡಿದ ಮಹಾನುಭಾವ.

"ಯಾಕ್ರಿ ಬ್ಯಾಡ?"

"ಇದು ಡಿಸೆಂಬರ್ ಪಗಾರ ರೀ. ಇದರಾಗ ಹದಿನಾಲ್ಕು ಸಾವಿರ ಗಿರಾಕಿ ಬಿಲ್ಲಿನ ಸರ್ವಿಸ್ ಚಾರ್ಜ್ ಐತಿ. ಮಳಿಗಾಲದಾಗ ಗಿರಾಕಿನ ಇರಂಗಿಲ್ಲ, ಅದೆಲ್ಲಿಂದ ಬರಬೇಕು? ಕೈಗೆ ಹದಿನೆಂಟು. ಮನಿ ಮಾಲಕಿ ಜುಲೈದಾಗ ಬಾಡಿಗಿ ಇಳಸ್ತಾಳೇನ್ರಿ? ಹೊಟ್ಟಿ ಸೀಸನ್ ನೋಡ್ತೈತೇನ್ರಿ?"

"ಹಂಗಾದ್ರ ನಾ ಊರಿಗೆ ಹೋಗ್ಲಿ ಅಂತೀರಿ."

ದಿನಕರ ಚಹಾದ ಗ್ಲಾಸನ್ನು ಎಡಕ್ಕೆ ಸರಿಸಿದ. ಬಲಕ್ಕೆ ಸರಿಸಿದ. ಕಿವಿಯ ತುದಿ ಕೆಂಪಾಗಿತ್ತು.

"ಇರಲೋ ಬ್ಯಾಡೋ ಅಂತ ಕೇಳಿದ್ರ, ಇರ್ರಿ ಅಂತೇನಿ. ಪಗಾರ ಸಾಕೇನು ಅಂತ ಕೇಳಿದ್ರ, ಸಾಲಂಗಿಲ್ಲ ಅಂತೇನಿ. ನೀವು ಕೇಳಿದ್ದು ಪಗಾರ."

ಅವಳು ಅವನನ್ನೇ ನೋಡಿದಳು. ತನ್ನ ಲಾಭಕ್ಕೆ ಒಂದು ಸುಳ್ಳೂ ಹೇಳಲಾರದ ಈ ಮನುಷ್ಯನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

"ಆ 'ಇರ್ರಿ' ಅನ್ನೂದು ಯಾವಾಗ ಹೇಳಾವ್ರಿದ್ರಿ?"

"ಬಸ್ಸಿನ್ಯಾಗ ಭಾಳ ಸಲ ಬಾಯಿ ತೆಗದೇನ್ರಿ. ಅಷ್ಟರಾಗ ನಿಮ್ಮ ಸ್ಟಾಪ್ ಬರ್ತಿತ್ತು."

ಮರುದಿನ ಮೃಣಾಲಿನಿ ಹೋಟೆಲಿನ ಮ್ಯಾನೇಜರನ ಮುಂದೆ ಕೂತು, "ಜುಲೈದಾಗ ಎಷ್ಟು ಕೊಡ್ತೀರಿ?" ಎಂದು ಕೇಳಿದಳು. ಅಲ್ಲಿಯವರೆಗೆ ಫೋನು ನೋಡುತ್ತಿದ್ದ ಆತ ತಲೆ ಎತ್ತಿದ. ಒಂದು ತಾಸು ಜಗ್ಗಾಡಿದ ಮೇಲೆ, ಮಳೆ ಬರಲಿ ಬಿಸಿಲಿರಲಿ ಇಪ್ಪತ್ನಾಲ್ಕಕ್ಕಿಂತ ಕಡಿಮೆ ಇಲ್ಲವೆಂದು ಕಾಗದದ ಮೇಲೆ ಬರೆದುಕೊಟ್ಟ. ಅರಮನೆಯ ಬದುಕಲ್ಲ, ಬಾಡಿಗೆ ಕಟ್ಟಿ ಎರಡು ಹೊತ್ತು ಉಂಡು, ತಿಂಗಳ ಕೊನೆಗೆ ಅಪ್ಪನಿಗೆ ಫೋನು ಮಾಡದೆ ಇರುವಷ್ಟು.

ಸಂಜೆ ಅದೇ ಅಂಗಡಿ, ಅದೇ ಮೇಜು.

"ಈಗ ನೀವು ಹೇಳ್ರಿ," ಅಂದಳು. "ನಿಮ್ಮ ಜುಲೈ ಪಗಾರ ಎಷ್ಟು?"

ಗಂಡಿನ ಕಡೆಯವರನ್ನು ಹೆಣ್ಣಿನ ಕಡೆಯ ಹಿರಿಯರು ಕೇಳುವ ಪ್ರಶ್ನೆ ಅದು. ದಿನಕರನಿಗೂ ತಿಳಿಯಿತು, ಈ ಸಲ ಕಿವಿ ಪೂರ್ತಿ ಕೆಂಪಾಯಿತು.

"ಇಪ್ಪತ್ತೆರಡ್ರಿ."

"ನನಗಿಂತ ಎರಡು ಕಡಿಮಿ!" ಅವಳಿಗೆ ಖುಷಿ ತಡೆಯಲಾಗಲಿಲ್ಲ. "ಅಪ್ಪನ ಮುಂದ ಮಾತ್ರ ಡಿಸೆಂಬರಿಂದು ಹೇಳ್ರಿ."

ಅವನು ತಲೆ ಅಲ್ಲಾಡಿಸಿದ.

"ಇಲ್ರಿ. ಜುಲೈದ್ದ ಹೇಳ್ತೇನಿ."

ಮೃಣಾಲಿನಿ ತನ್ನ ತಟ್ಟೆಯ ಕೊನೆಯ ಪಾವನ್ನು ಎರಡು ತುಂಡು ಮಾಡಿ, ದೊಡ್ಡದನ್ನು ಅವನ ಕಡೆ ಸರಿಸಿದಳು.